‘ಬೈಬಲಿನಲ್ಲೇ ಬರೆದಿದೆ’ ಅನ್ನುವವರಿಗೆ ಯೂವರ್ಷನ್ ಆ್ಯಪ್ ಎಷ್ಟು ಉಪಯೋಗ?

‘ಬೈಬಲಿನಲ್ಲೇ ಬರೆದಿದೆ’ ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಪ್ರಶ್ನೆ ಎರಡು. ನಿಜಕ್ಕೂ ಇದೆಯೇ? ಇದ್ದರೆ, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದ್ದು? ಯೂವರ್ಷನ್ ಬೈಬಲ್ ಆ್ಯಪ್ ಮೊದಲನೆಯದಕ್ಕೆ ಥಟ್ಟನೆ ಉತ್ತರ ಕೊಡುತ್ತದೆ. ಎರಡನೆಯದರಲ್ಲಿ ಮಾತ್ರ ಅದರ ವಿನ್ಯಾಸವೇ ಓದುಗನನ್ನು ದಾರಿ ತಪ್ಪಿಸುವ ಸಾಧ್ಯತೆ ಹೆಚ್ಚು. ಹಾಗಂತ ಬೇಡ ಅನ್ನುವಂತಿಲ್ಲ. ಬಳಸುವ ಕ್ರಮ ಗೊತ್ತಿರಬೇಕು.

2008ರಿಂದ ಇರುವ ಈ ಆ್ಯಪ್ ಅಮೆರಿಕದ ಓಕ್ಲಹೋಮದ ಲೈಫ್ ಚರ್ಚ್‌ನವರದು. ದುಡ್ಡು ಕೊಡಬೇಕಿಲ್ಲ, ಜಾಹೀರಾತೂ ಇಲ್ಲ. ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ. ಭಾರತೀಯ ಬೈಬಲ್ ಸೊಸೈಟಿಯ ಹಳೆಯ ಸತ್ಯವೇದ, ಅಂದರೆ ಜೆ.ವಿ., ಸಭೆಗಳಲ್ಲಿ ಬಾಯಿಪಾಠವಾಗಿರುವಂಥದ್ದು. ಅದೇ ಸೊಸೈಟಿಯ ಸಿ.ಎಲ್., ಅಂದರೆ ಕಾಮನ್ ಲ್ಯಾಂಗ್ವೇಜ್ ಅನುವಾದ, ಆಡುಮಾತಿಗೆ ಹತ್ತಿರ. ಒಂದು ವಚನದ ಮೇಲೆ ಬೆರಳಿಟ್ಟು ‘ಹೋಲಿಸಿ’ ಆರಿಸಿಕೊಂಡರೆ ಅನುವಾದಗಳು ಒಂದರ ಕೆಳಗೊಂದು ಬರುತ್ತವೆ. ಹಳೆಯದೂ ಹೊಸದೂ ಒಂದೇ ಮಾತು ಹೇಳುತ್ತಿದ್ದರೆ ತಕರಾರು ಅನುವಾದದ್ದಲ್ಲ, ವ್ಯಾಖ್ಯಾನದ್ದು ಎಂದು ಅಲ್ಲೇ ಗೊತ್ತಾಗುತ್ತದೆ.

ಹುಡುಕಾಟದಲ್ಲಿ ಎಡವುವುದು ಕನ್ನಡದ ಪ್ರತ್ಯಯಗಳಿಂದ. ಇಡೀ ವಾಕ್ಯ ಟೈಪ್ ಮಾಡಿದರೆ ಏನೂ ಸಿಗದಿರಬಹುದು; ಹಾಗೆಂದು ಬೈಬಲಿನಲ್ಲಿ ಇಲ್ಲ ಅಂತಲ್ಲ. ಅಪರೂಪದ ಒಂದೇ ಪದ ಆರಿಸಿ, ಅದರ ಬೇರೆ ಬೇರೆ ರೂಪ ಹಾಕಿ ನೋಡಿ, ಆಮೇಲೆ ಅನುವಾದ ಬದಲಿಸಿ ಮತ್ತೆ ಹುಡುಕಿ. ದಶಮಾಂಶದ, ಅಂದರೆ ಆದಾಯದ ಹತ್ತನೇ ಒಂದು ಪಾಲನ್ನು ದೇವರಿಗೆ ಕೊಡುವುದರ, ಬಗ್ಗೆ ನೋಡುವವರು ‘ದಶಮಾಂಶ’ಕ್ಕೇ ನಿಲ್ಲದೆ ‘ಹತ್ತರಲ್ಲೊಂದು’ ಎಂತಲೂ ಹುಡುಕಬೇಕು. ಪಿಡಿಎಫ್ ಬೈಬಲ್ ಇಟ್ಟುಕೊಂಡವರಿಗೆ ಇನ್ನೊಂದು ಕಿವಿಮಾತು: ಅದು ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ತಯಾರಾಗಿದ್ದರೆ, ಕಣ್ಣೆದುರೇ ಇರುವ ಪದವೂ ಹುಡುಕಾಟಕ್ಕೆ ಸಿಗುವುದಿಲ್ಲ.

‘ತನಗೆ ತಾನು ಸಹಾಯ ಮಾಡಿಕೊಳ್ಳುವವನಿಗೆ ದೇವರೂ ಸಹಾಯ ಮಾಡುತ್ತಾನೆ’ ಎಂಬುದನ್ನು ಹೇಗೆ ಹುಡುಕಿದರೂ ಸಿಗದು. ಇದನ್ನು ಮನೆಮಾತಾಗಿಸಿದ್ದು ಬೆಂಜಮಿನ್ ಫ್ರಾಂಕ್ಲಿನ್ನನ 1736ರ ಪಂಚಾಂಗ. ಮೂಲ ಅದಕ್ಕಿಂತ ಹಳೆಯದು, ಈಸೋಪನ ಕಥೆಗಳವರೆಗೆ ಹೋಗುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 5:6 (5ನೇ ಅಧ್ಯಾಯ, 6ನೇ ವಚನ) ಓದಿದರೆ ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ: ನಾವು ಬಲಹೀನರಾಗಿದ್ದಾಗಲೇ ಕ್ರಿಸ್ತನು ಪ್ರಾಣ ಕೊಟ್ಟನು.

ಕ್ರಿಸ್‌ಮಸ್ ಗೋದಲಿಯ ವಿಷಯದಲ್ಲಿ ಹುಡುಕಾಟ ಕೈಕೊಡುತ್ತದೆ, ಯಾಕೆಂದರೆ ಇಲ್ಲದ್ದನ್ನು ಹುಡುಕಿ ತೋರಿಸಲಾಗದು. ಮತ್ತಾಯ 2:1–12, ಹನ್ನೆರಡೇ ವಚನ, ಕೂತು ಓದಬೇಕು. ಕೂಸು ಯೇಸುವನ್ನು ನೋಡಲು ಮೂವರು ರಾಜರು ಬಂದರೆಂಬುದು ಎಲ್ಲರೂ ಹೇಳುವ ಕಥೆ; ಆದರೆ ಮೂಡಣ ದೇಶದಿಂದ ಬಂದವರು ಎಷ್ಟು ಮಂದಿ ಎಂದು ಅಲ್ಲಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂದು ಕಾಣಿಕೆ ಮೂರು ಇರುವುದರಿಂದ ಜನರೂ ಮೂವರಾದರು. ಅವರನ್ನು ರಾಜರೆಂದೂ ಕರೆದಿಲ್ಲ, ಕಾಸ್ಪರ್, ಮೆಲ್ಕಿಯೋರ್, ಬಾಲ್ತಸಾರ್ ಎಂಬ ಹೆಸರುಗಳೂ ಇಲ್ಲ. 11ನೇ ವಚನದ ಪ್ರಕಾರ ಅವರು ಹೊಕ್ಕಿದ್ದು ‘ಮನೆ’ಗೆ. ಅರಸ ಹೆರೋದ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸಿದ್ದು 16ನೇ ವಚನದಲ್ಲಿದೆ, ಅಂದರೆ ಅವರು ಬಂದದ್ದು ಹುಟ್ಟಿದ ರಾತ್ರಿಯೇ ಎಂದುಕೊಳ್ಳಬೇಕಿಲ್ಲ. ಗೋದಲಿ, ಕುರುಬರು ಲೂಕ 2ರಲ್ಲಿದ್ದಾರೆ; ಎತ್ತು, ಕತ್ತೆ ಅಲ್ಲಿಯೂ ಇಲ್ಲ! ಆ ಜೋಡಿ ಬಂದದ್ದು ಯೆಶಾಯ 1:3ರಿಂದ: ಎತ್ತಿಗೆ ಒಡೆಯ ಗೊತ್ತು, ಕತ್ತೆಗೆ ಗೋದಲಿ ಗೊತ್ತು, ಇಸ್ರಾಯೇಲಿಗೆ ಮಾತ್ರ ಗೊತ್ತಿಲ್ಲ ಎಂಬ ಬೈಗುಳದ ವಚನ. ಹಾಗೆಂದು ಯಾರೂ ಗೋದಲಿಯಿಂದ ಕತ್ತೆಯನ್ನು ಎತ್ತಿಹಾಕಬೇಕಿಲ್ಲ ಬಿಡಿ.

ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ವೇಶ್ಯೆಯಾಗಿದ್ದಳು ಎಂಬ ನಂಬಿಕೆಗೆ ಕಾರಣ ಎರಡು ಅಧ್ಯಾಯಗಳ ಅಕ್ಕಪಕ್ಕ. ಲೂಕ 7ರ ಕೊನೆಯಲ್ಲಿ ಬರುವ ಪಾಪಿ ಹೆಂಗಸಿಗೆ ಹೆಸರಿಲ್ಲ. 8:2ರಲ್ಲಿ ಬರುವ ಮರಿಯಳಿಂದ ಏಳು ದೆವ್ವಗಳು ಹೋದವೆಂದು ಇದೆಯೇ ಹೊರತು ನಡತೆಯ ಮಾತಿಲ್ಲ. ಇಬ್ಬರನ್ನೂ ಒಬ್ಬಳೇ ಎಂದು ಪಶ್ಚಿಮದ ಸಭೆಯಲ್ಲಿ ಗಟ್ಟಿಯಾಗಿ ನಿಲ್ಲಿಸಿದ್ದು 591ರಲ್ಲಿ ಪೋಪ್ ಮೊದಲನೇ ಗ್ರೆಗೊರಿ ಮಾಡಿದ ಪ್ರಸಂಗ.

ಕಷ್ಟದಲ್ಲಿರುವವರಿಗೆ ಸಮಾಧಾನ ಹೇಳಲು ಹೋದವರ ಬಾಯಲ್ಲಿ ತಪ್ಪದೆ ಬರುವ ಮಾತು, ‘ತಾಳಲಾರದ ಭಾರವನ್ನು ದೇವರು ಹೊರಿಸುವುದಿಲ್ಲ’. ಇದಕ್ಕೆ ಆಧಾರ 1 ಕೊರಿಂಥ 10:13, ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಗೆ ಬರೆದ ಮೊದಲ ಪತ್ರ. ಮೇಲೆ 1ರಿಂದ ಓದಿಕೊಂಡು ಬಂದರೆ ವಿಗ್ರಹಾರಾಧನೆ, ಜಾರತ್ವ, ಗೊಣಗಾಟದ ಪ್ರಸ್ತಾಪ. ಅಂದರೆ ಇಲ್ಲಿನ ವಿಷಯ ಪಾಪಕ್ಕೆ ಎಳೆಯುವ ಶೋಧನೆ, ಕಾಯಿಲೆಯೋ ಸಾಲವೋ ಅಲ್ಲ. ಅದೇ ಪೌಲ ಅದೇ ಊರಿನವರಿಗೆ ಬರೆದ 2 ಕೊರಿಂಥ 1:8ರಲ್ಲಿ, ಶಕ್ತಿಗೆ ಮೀರಿದ ಭಾರದಿಂದ ಕುಗ್ಗಿ ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎನ್ನುತ್ತಾನೆ. ‘ಹೋಲಿಸಿ’ ಸೌಲಭ್ಯ ಈ ಎರಡನ್ನು ಜೊತೆಗಿಟ್ಟು ತೋರಿಸದು. ಅದು ತೋರಿಸುವುದು ಒಂದೇ ವಚನದ ಹಲವು ಅನುವಾದ.

ಆ್ಯಪ್ ಬಗ್ಗೆ ಮುಖ್ಯ ತಕರಾರು ಇರುವುದು ‘ದಿನದ ವಚನ’ದಲ್ಲಿ. ದಿನಕ್ಕೊಂದು ವಚನವನ್ನು ಕತ್ತರಿಸಿ, ಚಂದದ ಚಿತ್ರದ ಮೇಲೆ ಅಂಟಿಸಿ, ವಾಟ್ಸ್ಯಾಪ್‌ಗೆ ಕಳಿಸಿ ಎನ್ನುತ್ತದೆ. ಹೊಸ ವರ್ಷದ ಆರಾಧನೆಯಲ್ಲಿ ಕೈಗೆ ಬರುವ ವಾಗ್ದಾನದ ಕಾರ್ಡೂ ಇದೇ ಜಾತಿಯದು. ಯೆರೆಮೀಯ 29:11 ನೋಡಿ: ನಿಮ್ಮ ಬಗ್ಗೆ ನನಗಿರುವ ಆಲೋಚನೆ ಹಿತದ್ದು, ಅಹಿತದ್ದಲ್ಲ. ಇದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬರೆದ ಕಾಗದ. ಹಿಂದಿನ ವಚನ, 10, ಎಪ್ಪತ್ತು ವರ್ಷ ತುಂಬಲಿ ಎನ್ನುತ್ತದೆ; ಕಾಗದ ಓದಿಸಿಕೊಂಡ ಬಹುಪಾಲು ಹಿರಿಯರು ಊರಿಗೆ ಮರಳುವ ಮಾತೇ ಇರಲಿಲ್ಲ. 5ರಿಂದ 7ರವರೆಗೆ: ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಸೆರೆ ಒಯ್ದವರ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಒಂದು ಅಧ್ಯಾಯ ಹಿಂದಕ್ಕೆ ಹೋದರೆ ಇನ್ನೂ ಸ್ವಾರಸ್ಯ. ಬಾಬೆಲಿಗೆ ತಲೆಬಾಗಿ ಎಂಬುದರ ಸಂಕೇತವಾಗಿ ಯೆರೆಮೀಯ ಕುತ್ತಿಗೆಗೆ ಹಾಕಿಕೊಂಡಿದ್ದ ಮರದ ನೊಗವನ್ನು ಹನನ್ಯನೆಂಬ ಪ್ರವಾದಿ ಎಲ್ಲರೆದುರು ಕಿತ್ತು ಮುರಿದು, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎನ್ನುತ್ತಾನೆ. ಐದನೇ ತಿಂಗಳಲ್ಲಿ ಈ ಮಾತು, ಏಳನೇ ತಿಂಗಳಲ್ಲಿ ಅವನ ಸಾವು. ‘ಈ ವರ್ಷ ಮುಗಿಯುವುದರೊಳಗೆ ಬಾಗಿಲು ತೆರೆಯುತ್ತದೆ’ ಎಂದು 29:11 ಹಿಡಿದು ಸಾರುವವರು, ಗೊತ್ತಿಲ್ಲದೆಯೇ, ಯೆರೆಮೀಯನ ಮಾತನ್ನು ಹನನ್ಯನ ಧಾಟಿಯಲ್ಲಿ ಹೇಳುತ್ತಿರುತ್ತಾರೆ.

ದಶಮಾಂಶಕ್ಕೂ ಇದೇ ಗತಿ. ಪ್ರಸಂಗದಲ್ಲಿ ಕೇಳಿಬರುವುದು, ದಶಮಾಂಶವನ್ನೆಲ್ಲ ಬೊಕ್ಕಸಕ್ಕೆ ತನ್ನಿ ಎನ್ನುವ ಮಲಾಕಿಯ 3:10. ಅದೇ ಅಧ್ಯಾಯದ 5ನೇ ವಚನ ಕೂಲಿಯವನ ಕೂಲಿ ಹಿಡಿದುಕೊಳ್ಳುವವರನ್ನು, ವಿಧವೆ, ಅನಾಥ, ಪರದೇಶಿಗಳನ್ನು ಪೀಡಿಸುವವರನ್ನು ಹೆಸರಿಸಿ ಹೇಳುತ್ತದೆ. ಅದು ಪ್ರಸಂಗಗಳಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ. ಧರ್ಮೋಪದೇಶಕಾಂಡ 14:22–29 ಪೂರ್ತಿ ಓದಿ: ಬೆಳೆಯ ದಶಮಾಂಶವನ್ನು ದೇವರು ಆರಿಸಿದ ಸ್ಥಳಕ್ಕೆ ಒಯ್ದು ಮನೆಮಂದಿಯೆಲ್ಲ ಅಲ್ಲಿ ಊಟ ಮಾಡಬೇಕು. ದೂರವಾದರೆ ಮಾರಿ, ಹಣ ಗಂಟು ಕಟ್ಟಿಕೊಂಡು ಹೋಗಿ, ಅಲ್ಲಿ ಎತ್ತು, ಕುರಿ, ದ್ರಾಕ್ಷಾರಸ, ಮನಸ್ಸಿಗೆ ಬಂದದ್ದು ಕೊಳ್ಳಬಹುದು. ಮೂರನೇ ವರ್ಷದ ಪಾಲು ಊರಲ್ಲೇ ಲೇವಿಯರಿಗೆ (ದೇವರ ಸೇವೆಗೆ ಮೀಸಲಾದ ಕುಲದವರು), ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ. ಇತ್ತ ಅರಣ್ಯಕಾಂಡ 18:21 ದಶಮಾಂಶವನ್ನು ಲೇವಿಯರಿಗೆ ಕೊಡುತ್ತದೆ. 2 ಕೊರಿಂಥ 9:7ರಲ್ಲಿ ಅಂಕಿಯೇ ಇಲ್ಲ. ಹೃದಯದಲ್ಲಿ ನಿಶ್ಚಯಿಸಿದಷ್ಟು, ಬಲವಂತವಿಲ್ಲದೆ. ಇವನ್ನೆಲ್ಲ ಓದಿದ ಮೇಲೂ ಸಂಬಳದ ಹತ್ತರಲ್ಲೊಂದು ಕೊಡಬೇಕೆಂದು ತೀರ್ಮಾನಿಸುವವರು ಇರಬಹುದು. ಆದರೆ ‘ಬೈಬಲಿನಲ್ಲಿ ಸ್ಪಷ್ಟವಾಗಿದೆ’ ಎಂಬ ಮಾತನ್ನು ಅಷ್ಟು ಸಲೀಸಾಗಿ ಹೇಳಲಾರರು.

‘ಇಲ್ಲ’ ಎಂದು ತೀರ್ಪು ಕೊಡುವ ಮೊದಲು ಕೈಯಲ್ಲಿರುವುದು ಯಾವ ಪ್ರತಿ ಎಂದು ನೋಡಿಕೊಳ್ಳಿ. ಪ್ರಾಟೆಸ್ಟೆಂಟ್ ಬೈಬಲಿನಲ್ಲಿ 66 ಪುಸ್ತಕ, ಕಥೋಲಿಕರದರಲ್ಲಿ 73. ಸತ್ತವರಿಗಾಗಿ ಪ್ರಾರ್ಥಿಸುವುದಕ್ಕೆ ಕಥೋಲಿಕರು ತೋರಿಸುವ 2 ಮಕ್ಕಬಿಯರು 12:43–46 ಮೊದಲನೆಯದರಲ್ಲಿ ಇಲ್ಲವೇ ಇಲ್ಲ. 66 ಪುಸ್ತಕದ ಅನುವಾದದಲ್ಲಿ ಹುಡುಕಿ ಪಕ್ಕದ ಮನೆಯ ಕಥೋಲಿಕರೊಡನೆ ವಾದಕ್ಕಿಳಿದರೆ ಇಬ್ಬರೂ ಬೇರೆ ಬೇರೆ ಪುಸ್ತಕ ಹಿಡಿದು ಜಗಳವಾಡಿದಂತೆ.

ಆ್ಯಪ್ ಹಾಕಿಕೊಳ್ಳಿ, ಆದರೆ ಸೆಟ್ಟಿಂಗ್ಸ್‌ನಲ್ಲಿ ದಿನದ ವಚನದ ನೋಟಿಫಿಕೇಶನ್ ಬಂದ್ ಮಾಡಿ. ಹುಡುಕಿದ ವಚನ ಸಿಕ್ಕ ಕೂಡಲೇ ಅದರ ಮೇಲೆ ತಟ್ಟಿ ಅಧ್ಯಾಯ ತೆರೆಯಿರಿ, ಮೊದಲ ವಚನಕ್ಕೆ ಹೋಗಿ. ಸಾಧ್ಯವಾದರೆ ಹಿಂದಿನ ಅಧ್ಯಾಯದಿಂದ. ಹೊಸ ಒಡಂಬಡಿಕೆಗೆ ಈಗಿನ ವಚನಸಂಖ್ಯೆ ಬಂದದ್ದು 1551ರಲ್ಲಿ, ಪೌಲ ತನ್ನ ಕಾಗದಗಳನ್ನು ತುಂಡುಮಾಡಿ ಬರೆದವನಲ್ಲ. ದೊಡ್ಡ ಭಾಗ ಓದಲು ಮುದ್ರಿತ ಸತ್ಯವೇದವೇ ವಾಸಿ: ತೆರೆದ ಎರಡು ಪುಟದಲ್ಲಿ ಹಿಂದುಮುಂದು ಒಟ್ಟಿಗೆ ಕಾಣುತ್ತದೆ. ಕೊಳ್ಳುವಾಗ ಪುಟದಲ್ಲಿ ಸಮಾನ ವಚನಗಳ ಉಲ್ಲೇಖ ಇದೆಯೇ ಎಂದು ತೆರೆದು ನೋಡಿ. 1 ಕೊರಿಂಥ 10ರಿಂದ 2 ಕೊರಿಂಥ 1ಕ್ಕೆ ಜಿಗಿಯುವಂಥ ದಾರಿ ಸಿಕ್ಕರೆ ಸಿಗುವುದು ಆ ಉಲ್ಲೇಖಗಳಲ್ಲಿ.