ಗಿಡ್ಡ ಹಿಡಿ, ದೊಡ್ಡ ಬಾಳೆ ಮೀನು: ಮೂರು ವರ್ಷ ಬಳಸಿದ ಕೈಬಲೆ

ಗಾಳಕ್ಕೆ ಸಿಕ್ಕ ಮೀನನ್ನು ನೀರಿಂದ ಎತ್ತುವ ಈ ಬಲೆಯ ಹಿಡಿ ಗಿಡ್ಡ. ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು, ಅಷ್ಟೇ. ಮೂರು ವರ್ಷದಿಂದ ನನಗೂ ಈ ಬಲೆಗೂ ಇರುವ ಜಗಳ ಇದೊಂದೇ. ಆದರೆ ಈ ಒಂದೇ ಜಗಳದಲ್ಲಿ ನಾಲ್ಕು ದೊಡ್ಡ ಮೀನು ಕೈತಪ್ಪಿ ಹೋಗಿವೆ. ಅದಕ್ಕೇ ಬರೆಯುತ್ತಿದ್ದೇನೆ.

ರಿಂಗಿನ ಅಗಲ, ತೂಕ, ಬಣ್ಣ ಎಲ್ಲ ಮಾರುವವರ ಪುಟದಲ್ಲೇ ಇದೆ, ನೋಡಿಕೊಳ್ಳಿ. ಕಟ್ಟಿಗೆಯ ರಿಂಗು, ರಬ್ಬರ್ ಚೀಲ, ಬೆನ್ನಿಗೆ ತೂಗುಹಾಕಲು ಮ್ಯಾಗ್ನೆಟ್ ಕ್ಲಿಪ್ಪು. ನಾನು ತರಿಸಿದಾಗ 2,600 ರೂಪಾಯಿ ಬಿತ್ತು. ಕಲಬುರಗಿಯಲ್ಲಿ ತಿಂಗಳ ಸಂಬಳದ ಮೇಲೆ ಮನೆ ನಡೆಸುವವನಿಗೆ ಒಂದು ಬಲೆಗೆ ಇದು ಜಾಸ್ತಿಯೇ. ಮನೆಯಲ್ಲಿ 600 ಅಂತ ಹೇಳಿದ್ದೇನೆ.

ಕೂದಲು, ಪುಕ್ಕ ಕಟ್ಟಿ ಹುಳು, ಮರಿಮೀನಿನ ಹಾಗೆ ಮಾಡಿದ ಗಾಳ (ಫ್ಲೈ) ಎಸೆದು ಮೀನು ಹಿಡಿಯುವುದು ಫ್ಲೈ ಫಿಶಿಂಗ್. ಅದರ ಸಾಮಾನು ಮಾಡುವವರು ತಂಪು ದೇಶದ ಸಣ್ಣ ಹೊಳೆಯನ್ನು ಮನಸ್ಸಲ್ಲಿಟ್ಟುಕೊಂಡು ಮಾಡುತ್ತಾರೆ. ಅಲ್ಲಿ ತೊಡೆಮಟ್ಟದ ನೀರಿನಲ್ಲಿ, ಉರುಟು ಕಲ್ಲಿನ ಮೇಲೆ ನಿಂತಿರುತ್ತಾರೆ. ಮೀನು ಸೊಂಟದ ಹತ್ತಿರವೇ ಬರುತ್ತದೆ. ಬಾಗಿ ಎತ್ತಿದರೆ ಆಯಿತು, ಗಿಡ್ಡ ಹಿಡಿಯೇ ಅಲ್ಲಿ ಚೆಂದ. ನಮ್ಮ ಕಡೆ ಹಾಗಲ್ಲ. ಭೀಮಾ ದಂಡೆ ಅಂದರೆ ಎರೆ ಮಣ್ಣು. ಒಂದು ಕಾಲಿಟ್ಟರೆ ಮೊಣಕಾಲತನಕ ಹೋಗುತ್ತದೆ, ಎಳೆದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಕಾಗಿಣಾದಲ್ಲಿ ಶಹಾಬಾದ್ ಕಡೆಯಿಂದ ಮಳಖೇಡದ ಕೋಟೆ ತನಕ ಫರ್ಸಿ ಹಾಸಿದ ಹಾಗೆ ಪದರುಪದರಾಗಿ ಕಲ್ಲು. ಪಾಚಿ ಹಿಡಿದಿದ್ದರೆ ಜಾರಿ ಬೀಳುವುದು ಗ್ಯಾರಂಟಿ. ಸುರಪುರದ ಕಡೆ ಕೃಷ್ಣಾ ಹೊಳೆಗೆ ಹೋದರೆ ಮೊಸಳೆ ಇವೆ, ನೀರಿಗೆ ಇಳಿಯುವ ಮಾತೇ ಇಲ್ಲ. ಹಾಗಾಗಿ ನಾವು ನಿಲ್ಲುವುದು ದಂಡೆಯ ಮೇಲೆ ಅಥವಾ ನೀರಿಗಿಂತ ಎರಡು ಮೂರು ಅಡಿ ಮೇಲಿರುವ ಕಲ್ಲಿನ ಮೇಲೆ. ಅಲ್ಲಿಂದ ಒಂದು ಗೇಣಿನ ಹಿಡಿ ಹಿಡಿದು ಮೀನು ಎತ್ತುವುದು ಅಂದರೆ ಬಾವಿ ಕಟ್ಟೆ ಮೇಲೆ ಕೂತು ಚಮಚದಲ್ಲಿ ನೀರು ಸೇದಿದ ಹಾಗೆ.

ಮೊದಲ ವರ್ಷದ ಡಿಸೆಂಬರ್. ಮಳೆಗಾಲದಲ್ಲಿ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಭೀಮಾ ಚಹಾದ ಬಣ್ಣಕ್ಕೆ ತಿರುಗುತ್ತದೆ, ಆಗ ಫ್ಲೈ ಎಸೆಯುವುದು ಸುಮ್ನೆ ತೋಳಿನ ವ್ಯಾಯಾಮ. ದೀಪಾವಳಿ ಮುಗಿದ ಮೇಲೆ ನೀರು ತಿಳಿಯಾಗುತ್ತದೆ. ಆ ದಿನ ಒಂದು ಮಡುವಿನ ಅಂಚಿಗೆ ಆಡಿನ ಬಾಲದ ಕೂದಲಿಂದ ನಾನೇ ಕಟ್ಟಿದ ಬಿಳಿ ಫ್ಲೈ ಎಸೆದು, ದಾರವನ್ನು ಎಡಗೈಯಲ್ಲಿ ತುಂಡುತುಂಡಾಗಿ ಎಳೆಯುತ್ತಿದ್ದೆ. ನಾಲ್ಕನೇ ಎಳೆತಕ್ಕೆ ನಿಂತಿತು. ಕಲ್ಲಿಗೆ ಸಿಕ್ಕಿತು ಅಂದುಕೊಂಡೆ. ಆ ಕಲ್ಲು ಓಡತೊಡಗಿತು.

ಬಾಳೆ ಮೀನು. ಗೊತ್ತಿಲ್ಲದವರಿಗೆ: ಪುಸ್ತಕದ ಹೆಸರು ವಲ್ಲಾಗೊ ಅಟ್ಟು. ಪರೆ ಇಲ್ಲ, ಮೈಯೆಲ್ಲ ಲೋಳೆ, ಕಣ್ಣು ಸಾಸಿವೆಯಷ್ಟು, ಬಾಯಿ ಮಾತ್ರ ಚೀಲದಷ್ಟು. ಒಳಗೆ ಮರಗೆಲಸದವರ ಉಜ್ಜುಕಾಗದದ ಹಾಗೆ ಒತ್ತೊತ್ತಾಗಿ ಚೂಪು ಹಲ್ಲು.

ಮೊದಲ ಓಟದಲ್ಲಿ ಮಾಡುವುದು ಒಂದೇ ಕೆಲಸ, ಬಿಟ್ಟುಕೊಡುವುದು. ಕಾಲ ಬಳಿ ಸುರುಳಿ ಬಿದ್ದ ದಾರ ಎಲ್ಲೂ ಸಿಕ್ಕದ ಹಾಗೆ ನೋಡಿಕೊಳ್ಳಬೇಕು. ಅದು ಪೂರ್ತಿ ಹೊರಗೆ ಹೋಗಿ ರೀಲು ತಾನೇ ತಿರುಗತೊಡಗಿದ ಮೇಲೆ ಅಂಗೈಯನ್ನು ರೀಲಿನ ಅಂಚಿಗೆ ಮೆಲ್ಲಗೆ ಒತ್ತಬೇಕು. ರಾಡ್ ಎತ್ತರಕ್ಕೆ ಹಿಡಿದರೆ ಫೋಟೋಗೆ ಚೆಂದ, ಮೀನಿಗೆ ಏನೂ ಆಗುವುದಿಲ್ಲ. ರಾಡನ್ನು ನೆಲಕ್ಕೆ ಸಮನಾಗಿ ಮಲಗಿಸಿ ಪಕ್ಕಕ್ಕೆ ಎಳೆದರೆ ಮೀನಿನ ತಲೆ ತಿರುಗುತ್ತದೆ. ಅದು ಎಡಕ್ಕೆ ಹೊರಟರೆ ನಾವು ಬಲಕ್ಕೆ, ಬಲಕ್ಕೆ ಹೊರಟರೆ ಎಡಕ್ಕೆ. ರಾಡಿನ ತುದಿಗಲ್ಲ, ಬುಡಕ್ಕೆ ಭಾರ ಬೀಳಬೇಕು. ಇದನ್ನೆಲ್ಲ ಕಲಿಯಲು ನಾನು ಒಂದು ರಾಡಿನ ತುದಿ ಮುರಿದುಕೊಂಡಿದ್ದೇನೆ, ಆ ಕತೆ ಬೇಡ.

ಹದಿನೈದು ನಿಮಿಷಕ್ಕೆ ಬಾಳೆ ಮೇಲೆ ಬಂತು. ಉದ್ದ ಮೂರಡಿ ಹತ್ತಿರ ಇತ್ತು. ಬಿಳಿ ಹೊಟ್ಟೆ ಒಮ್ಮೆ ಮಗುಚಿತು. ಬಲೆ ತೆಗೆದೆ, ಬಗ್ಗಿದೆ. ಎಟುಕಲಿಲ್ಲ. ಇನ್ನೊಂದು ಸುತ್ತು ಎಳೆದೆ. ಟಕ್ ಅಂತ ಸದ್ದಾಯಿತು. ಬಾಳೆ ಬಾಲ ಬಡಿದು ಕೆಳಗೆ ಹೋಯಿತು, ದಾರ ಹಗುರಾಯಿತು.

ಆ ಟಕ್ ಏನು ಅಂತ ರಾತ್ರಿಯೆಲ್ಲ ಯೋಚಿಸಿದೆ. ರಾಡ್ 9 ಅಡಿ. ದಪ್ಪ ದಾರದ ತುದಿಗೆ ಕಟ್ಟುವ ಸಣ್ಣ ಎಳೆ, ಲೀಡರ್ ಅನ್ನುತ್ತಾರಲ್ಲ, ಅದೂ 9 ಅಡಿ. ದಪ್ಪ ದಾರ, ಲೀಡರ್ ಎರಡೂ ಸೇರುವ ಕಡೆ ಒಂದು ಗಂಟು. ಕೈಯಲ್ಲಿ ಗೇಣುದ್ದದ ಬಲೆ ಹಿಡಿದು ಎತ್ತರದಲ್ಲಿ ನಿಂತವನ ಹತ್ತಿರಕ್ಕೆ ಮೀನು ಬರಬೇಕಾದರೆ ಆ ಗಂಟು ರಾಡಿನ ತುದಿಯ ರಿಂಗಿನೊಳಗೆ ಬರಲೇಬೇಕು. ಮೀನು ಕೊನೆಯದಾಗಿ ಒಮ್ಮೆ ಒದರಿಕೊಂಡಾಗ ಗಂಟು ಹೊರಗೆ ಓಡುವ ಬದಲು ರಿಂಗಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಆ ಕ್ಷಣಕ್ಕೆ ರೀಲೂ ಇಲ್ಲ, ರೀಲಿನ ಬ್ರೇಕು ಅಂದರೆ ಡ್ರ್ಯಾಗೂ ಇಲ್ಲ. ಎಳೆ ತುಂಡಾಗುತ್ತದೆ. ಮುಂದಿನ ಮೂರು ಮೀನೂ ಹೀಗೇ ಹೋದವು. ಒಂದು ಬಾಳೆ, ಎರಡು ದೊಡ್ಡ ಮರಲ್ (ಹಾವಿನಂಥ ತಲೆಯ ಮೀನು).

ಮಾರುವವರಿಗೆ ಬರೆದೆ. ಹಿಡಿ ಉದ್ದ ಮಾಡಿಸಿಕೊಡಿ, ಇಲ್ಲ ಬದಲಿ ಕೊಡಿ ಅಂದೆ. ನೀರಿಗೆ ಇಳಿದು ಬಳಸಿ ಅಂತ ಉತ್ತರ ಬಂತು. ಬರೆದವರನ್ನು ಒಮ್ಮೆ ನಮ್ಮ ಎರೆ ಮಣ್ಣಿಗೆ ಕರೆದುಕೊಂಡು ಬರಬೇಕು ಅನ್ನಿಸಿತು.

ಅದಕ್ಕಿಂತ ಚೆನ್ನಾಗಿ ಹೇಳಿದವರು ಯಾದಗಿರಿ ಹತ್ತಿರ ಹರಿಗೋಲಿನಲ್ಲಿ ಬಲೆ ಬಿಡುವ ಒಬ್ಬ ಅಜ್ಜ. ನನ್ನ ಕೈಯಿಂದ ಬಲೆ ಇಸ್ಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದೇನ್ರಿ ಸಾಹೇಬ್ರ, ಹಾಲು ಸೋಸೂದಾ?" ಅಂದರು. ಆಮೇಲೆ, "ಮೀನ ತಾನಾಗೇ ಬಂದು ನಿಮ್ಮ ಕಾಲಿಗೆ ಬೀಳಬೇಕೇನ್ರಿ?" ಅಂದರು. ಹರಿಗೋಲಿನಲ್ಲಿ ಇನ್ನಿಬ್ಬರಿದ್ದರು, ಅವರೂ ನಕ್ಕರು.

ಮ್ಯಾಗ್ನೆಟ್ಟಿನ ಬಗ್ಗೆ ಎರಡೇ ಮಾತು. ಹೊಳೆಗೆ ಇಳಿಯುವ ದಾರಿಯೆಲ್ಲ ಜಾಲಿ. ಮುಳ್ಳು ಬಲೆಗೆ ಸಿಕ್ಕಿ, ಮ್ಯಾಗ್ನೆಟ್ ಬಿಟ್ಟು, ಬಲೆಗೆ ಕಟ್ಟಿದ ರಬ್ಬರ್ ಹುರಿ ಮಾರುದ್ದ ಹಿಗ್ಗಿ, ಆಮೇಲೆ ಮುಳ್ಳು ಕೈಬಿಟ್ಟಾಗ ಬಲೆ ಹಿಂದಿನಿಂದ ಬಂದು ತಲೆಗೆ ಬಡಿಯುತ್ತದೆ. ಎರಡು ಸಲ ಬಡಿಸಿಕೊಂಡೆ. ಈಗ ನೀರಿನ ಅಂಚಿಗೆ ಬರುವ ತನಕ ಬಲೆ ಚೀಲದಲ್ಲೇ ಇರುತ್ತದೆ.

ಎರಡನೇ ವರ್ಷ ಸಿಟ್ಟಿನಲ್ಲಿ ಮಾರಿಬಿಡೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಪಕ್ಕದ ಮನೆಗೆ ಸುಣ್ಣಬಣ್ಣ ಹೊಡೆಯುವವರು ಬಂದರು. ಅವರ ರೋಲರ್ ಸಿಕ್ಕಿಸುವ ಅಲ್ಯೂಮಿನಿಯಂ ಕೋಲು ನೋಡಿದೆ. ಎಳೆದರೆ ಆರು ಅಡಿ, ಒಳಗೆ ತಳ್ಳಿದರೆ ಮೂರು ಅಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ 450 ರೂಪಾಯಿಗೆ ಅಂಥದ್ದೇ ಸಿಕ್ಕಿತು. ಬಡಿಗೇರ ಅಣ್ಣನ ಹತ್ತಿರ ಹಿಡಿಗೆ ಎರಡು ತೂತು ಕೊರೆಸಿ, ಎರಡು ಬೋಲ್ಟು ಹಾಕಿಸಿದೆ. ಅಂಥ ನುಣುಪಾದ ಪಾಲಿಶ್ ಕಟ್ಟಿಗೆಗೆ ಡ್ರಿಲ್ ಇಟ್ಟಾಗ ಸ್ವಲ್ಪ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಜೊತೆಗೆ ಬಾಳೆಗಾಗಿ ಲೀಡರನ್ನು 5 ಅಡಿಗೆ ಇಳಿಸಿದೆ, ತುದಿಗೆ ದಪ್ಪ ಎಳೆ ಹಾಕಿದೆ. ಬಾಳೆಗೆ ಎಳೆ ಸಣ್ಣದೋ ದಪ್ಪದೋ ಲೆಕ್ಕವಿಲ್ಲ.

ಅಲ್ಲಿಂದ ನನ್ನ ಅಭಿಪ್ರಾಯವೇ ಬದಲಾಯಿತು. ಮೀನು ಒಳಗೆ ಬಂದ ಮೇಲೆ ಈ ಬಲೆ ಎಷ್ಟು ಒಳ್ಳೆಯದು ಅಂತ ನನಗೆ ಗೊತ್ತೇ ಇರಲಿಲ್ಲ, ಯಾಕಂದರೆ ದೊಡ್ಡ ಮೀನು ಒಳಗೆ ಬಂದೇ ಇರಲಿಲ್ಲ!

ಮೊದಲು ಬಲೆಯನ್ನು ನೀರಲ್ಲಿ ಮುಳುಗಿಸಿ ಸುಮ್ಮನೆ ಹಿಡಿದುಕೊಳ್ಳುತ್ತೇನೆ. ಮೀನಿನ ಹಿಂದೆ ಬಲೆ ಓಡಿಸುವುದಿಲ್ಲ, ಬಲೆಯ ಮೇಲೆ ಮೀನನ್ನು ತರುತ್ತೇನೆ. ತಲೆ ಮೊದಲು. ಬಾಲದ ಕಡೆಯಿಂದ ಹಾಕಿದರೆ ಅದು ಮುಂದಕ್ಕೆ ನುಗ್ಗಿ ಹೊರಟುಹೋಗುತ್ತದೆ, ತಲೆ ಕಡೆಯಿಂದ ಹಾಕಿದರೆ ನುಗ್ಗಿದಷ್ಟೂ ಚೀಲದೊಳಗೇ ಹೋಗುತ್ತದೆ. ಮೂರಡಿ ಬಾಳೆಯ ಬಾಲ ಹೊರಗೇ ನೇತಾಡುತ್ತದೆ, ಪರವಾಗಿಲ್ಲ, ತಲೆ ಒಳಗಿದ್ದರೆ ಸಾಕು. ರಬ್ಬರ್ ಚೀಲಕ್ಕೆ ಗಂಟಿಲ್ಲ, ಮೈ ಮೇಲಿನ ಲೋಳೆ ಉಜ್ಜಿಹೋಗುವುದಿಲ್ಲ. ಹಳೆಯ ನೈಲಾನ್ ಬಲೆಯಲ್ಲಿ ಫ್ಲೈ ಸಿಕ್ಕಿಕೊಂಡರೆ ಬಿಡಿಸಲು ಕತ್ತರಿಯೇ ಬೇಕಿತ್ತು. ಇದರಲ್ಲಿ ಗಾಳ ಸಿಕ್ಕುವುದೇ ಇಲ್ಲ. ಗಾಳದ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿರುತ್ತೇನೆ, ಹಾಗಾಗಿ ತಿರುವಿದರೆ ಬಂದುಬಿಡುತ್ತದೆ. ಕೈ ಒದ್ದೆ ಮಾಡಿಕೊಂಡು, ಬಲೆ ನೀರಲ್ಲೇ ಇಟ್ಟು, ಮೀನು ತಾನೇ ಬಾಲ ಆಡಿಸುವ ತನಕ ಕಾಯುವುದು. ಆ ಒಂದು ನಿಮಿಷಕ್ಕೆ ನಾನು ಬೆಳಗಿನ ನಾಲ್ಕೂವರೆಗೆ ಎದ್ದು, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಗಾಡಿ ಓಡಿಸುವುದು.

ಬಾಳೆ ಎಲ್ಲ ಕಡೆ ಕಡಿಮೆಯಾಗುತ್ತಿದೆ, ಅದನ್ನು ಬಿಡುತ್ತೇನೆ. ಮರಲ್ ಅಂದರೆ ಸೇಡಂ ಕಡೆಯವರ ಕೊರ್ರಮೀನು, ಅದು ಮರಿಗಳ ಹಿಂಡನ್ನು ಕಾಯುತ್ತಿದ್ದರೆ ಫ್ಲೈ ಎಸೆಯುವುದೇ ಇಲ್ಲ. ರೋಹು ಒಂದೆರಡು ಮನೆಗೆ ಬರುತ್ತವೆ, ಇಲ್ಲದಿದ್ದರೆ ಮನೆಯವರಿಂದ ಭಾನುವಾರದ ಪರ್ಮಿಟ್ ಸಿಗುವುದಿಲ್ಲ. ಏಪ್ರಿಲ್, ಮೇನಲ್ಲಿ ಪೂರ್ತಿ ರಜೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಕಾದಾಡಿ ದಣಿದ ಮೀನನ್ನು ಬಿಟ್ಟರೂ ಬದುಕುವುದು ಕಷ್ಟ.

ಮನೆಗೆ ಬಂದ ಮೇಲಿನ ಕೆಲಸವೂ ನನಗೆ ಇಷ್ಟ. ಅಂಗಳದ ನಲ್ಲಿ ಕೆಳಗೆ ಬಲೆ ತೊಳೆಯುವುದು, ಬೋರಿನ ಗಡಸು ನೀರು ಬಿಳಿ ಕಲೆ ಬಿಡುತ್ತದೆ ಅಂತ ಹಳೆಯ ಬನಿಯನ್ನಿಂದ ಒರೆಸುವುದು, ನೆರಳಲ್ಲಿ ತೂಗುಹಾಕುವುದು. ರಬ್ಬರಿಗೆ ನೈಲಾನಿನಷ್ಟು ವಾಸನೆ ಹಿಡಿಯುವುದಿಲ್ಲ, ಹಾಗಾಗಿ ಬಲೆಗೆ ಮನೆಯೊಳಗೆ ಜಾಗ ಸಿಕ್ಕಿದೆ. ಒಂದು ಸಲ ಮರೆತು ಮಾಳಿಗೆ ಮೇಲೆ ಬಿಟ್ಟಿದ್ದೆ, ಮೇ ತಿಂಗಳು. ಸಂಜೆ ನೋಡಿದರೆ ಚೀಲ ಬೆಲ್ಲದ ಪಾಕದ ಹಾಗೆ ಅಂಟಂಟು. ಟಾಲ್ಕಂ ಪೌಡರ್ ಹಚ್ಚಿ ಸರಿ ಮಾಡಿದೆ, ಆದರೂ ಒಂದು ಮೂಲೆಯಲ್ಲಿ ಇನ್ನೂ ಅಂಟಿದೆ. ಅದು ಬಲೆಯ ತಪ್ಪಲ್ಲ, ನನ್ನದು.

ಐದಕ್ಕೆ ಮೂರೂವರೆ ಕೊಡುತ್ತೇನೆ. ನೀರಿಗಿಳಿದು ನಿಲ್ಲುವ ಜಾಗ ನಿಮ್ಮದಾಗಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ನಮ್ಮ ಹಾಗೆ ದಂಡೆಯವರಾದರೆ ಬೆಲೆಗೆ ಇನ್ನೊಂದು 450 ಸೇರಿಸಿ ಲೆಕ್ಕ ಹಾಕಿ. ಬೋಲ್ಟು ತಿಂಗಳಿಗೊಮ್ಮೆ ಸಡಿಲಾಗುತ್ತವೆ. ಗಾಡಿಯ ಟೂಲ್ ಕಿಟ್ಟಿನಲ್ಲಿರುವ 10 ನಂಬರ್ ಪಾನಾ ಸಾಕು.