ಅರವತ್ತು ದಾಟಿದವರಿಗೆ ಅಂಜನಾದ್ರಿ–ಆನೆಗೊಂದಿ ಆಟೋ ಟ್ರಿಪ್: ಐದಕ್ಕ ನಾಲ್ಕು ಸ್ಟಾರ್

ಮೊದಲೇ ಹೇಳ್ಬಿಡ್ತೀನಿ, ಇದು ಯಾವ್ದೋ ದೊಡ್ಡ ಟ್ರಾವೆಲ್ಸ್ ಪ್ಯಾಕೇಜ್ ಅಲ್ಲ. ಗಂಗಾವತಿ ಬಸ್ ಸ್ಟ್ಯಾಂಡ್ ಹೊರಗ ಆಟೋ ನಿಂತಿರ್ತಾವಲ್ಲ, ಅದ್ರಾಗ ಒಂದನ್ನ ಇಡೀ ದಿನಕ್ಕ ಮಾತಾಡ್ಕೊಂಡು ಹನುಮಂತ ಹುಟ್ಟಿದ ಗುಡ್ಡ ಅಂತಾರಲ್ಲ ಆ ಅಂಜನಾದ್ರಿ, ಪಂಪಾ ಸರೋವರ, ಆನೆಗೊಂದಿ, ಸಾಣಾಪುರ ಕೆರೆ ನೋಡ್ಕೊಂಡು ಬಂದ್ವಿ, ಅದ್ರ ರಿವ್ಯೂ ಇದು. ಹೋದೋರು ಮೂರೇ ಜನ: ನಾನು, ನಮ್ಮಕ್ಕ, ಪಕ್ಕದ ಮನಿ ಟೀಚರ್. ಟೀಚರ್ ರಿಟೈರ್ ಆಗ್ಯಾರ, ಅಕ್ಕ ಎಪ್ಪತ್ತು ದಾಟ್ಯಾಳ, ನಂದು ಕೇಳ್ಬ್ಯಾಡ್ರಿ.

ಬಳ್ಳಾರಿಯಿಂದ ಕುರುಗೋಡು, ಕಂಪ್ಲಿ ಮೇಲೆ ಗಂಗಾವತಿ ಬಸ್ಸು. ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥೋರಿಗೆ ಬಸ್ ಚಾರ್ಜಿನ ಚಿಂತಿ ಇಲ್ಲ, ಆಧಾರ್ ತೋರ್ಸಿದ್ರ ಆತು, ಆದ್ರ ಸೀಟಿನ ಚಿಂತಿ ಐತಿ, ಬೆಳಗಿನ ಬಸ್ಸೇ ಹಿಡೀರಿ. ಇನ್ನೊಂದು, ಮಳಿಗಾಲದಾಗ ತುಂಗಭದ್ರಾ ಡ್ಯಾಮಿಂದ ಜಾಸ್ತಿ ನೀರು ಬಿಟ್ರ ಕಂಪ್ಲಿ ಸೇತುವೆ ಬಂದ್ ಮಾಡ್ತಾರ, ಆವಾಗ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಇಲ್ಲಾಂದ್ರ ಹೊಸಪೇಟೆ ಸುತ್ತು ಹಾಕ್ಬೇಕಾಗ್ತದ, ಹೊರಡೋ ಮುಂಚೆ ಯಾರನ್ನಾದ್ರೂ ಫೋನ್ ಮಾಡಿ ಕೇಳ್ಕೊಳ್ರಿ.

ಮನ್ಯಾಗ ಯಾರೂ ಒಪ್ಪಿರ್ಲಿಲ್ಲ ಬಿಡ್ರಿ. ಬೆಂಗಳೂರಾಗಿರೋ ಮಗ "ಯೂಟ್ಯೂಬಲ್ಲೇ ದರ್ಶನ ಮಾಡಮ್ಮಾ, ಈ ವಯಸ್ಸಲ್ಲಿ ಗುಡ್ಡ ಯಾಕೆ" ಅಂದ. ಈ ಮಕ್ಕಳಿಗೆ ನಾವು ದೇವರ ಮನ್ಯಾಗ ಕುಂತಿದ್ರ ಭಾಳ ಸಮಾಧಾನ ನೋಡ್ರಿ, ಭಕ್ತಿ ಅಂದ್ರ ಒಂದ್ಕಡೆ ಸುಮ್ನ ಕುಂತಿರೋದು ಅಂತ ತಿಳ್ಕೊಂಡಾರ.

ಈಗ ಸರ್ವಿಸ್ ವಿಷಯಕ್ಕ ಬರ್ತೀನಿ. ನಾವು ಮಾತಾಡ್ಸಿದ ಮೊದಲನೇ ಆಟೋದವ ನಮ್ಮನ್ನ ಮೇಲಿಂದ ಕೆಳಗ ನೋಡಿ "ಅಮ್ಮಾ ಗುಡ್ಡ ಬ್ಯಾಡ್ರಿ, ಕೆಳಗಿಂದ ಕೈ ಮುಗೀರಿ, ಸೀದಾ ಪಂಪಾ ಸರೋವರಕ್ಕ ಬಿಡ್ತೀನಿ" ಅಂದ. ಅವನ್ನ ಬಿಟ್ವಿ. ಎರಡನೇಯವ ಹಂಗನ್ಲಿಲ್ಲ, "ಮೆಟ್ಲು 575 ಅದಾವ್ರಿ, ಎಷ್ಟಾದ್ರೂ ಹತ್ರಿ, ಎಲ್ಲಿಂದಾದ್ರೂ ವಾಪಸ್ ಬರ್ರಿ, ವೇಟಿಂಗ್ ಚಾರ್ಜ್ ಬ್ಯಾರೆ ಕೇಳಲ್ಲ" ಅಂದ. ನಾಲ್ಕು ಸ್ಟಾರಿನಾಗ ಮೂರು ಆ ಒಂದು ಮಾತಿಗೇ ಕೊಟ್ಟೀನಿ. ಆಗ್ತದೋ ಇಲ್ಲೋ ಅಂತ ನಮ್ಮ ಪರವಾಗಿ ತೀರ್ಮಾನ ಮಾಡೋರು ಮನ್ಯಾಗ ಭಾಳ ಮಂದಿ ಅದಾರ, ದುಡ್ಡು ಕೊಟ್ಟು ಅದನ್ನೇ ಕೇಳ್ಸಿಕೊಳ್ಳಾಕ ಬರ್ಬೇಕಾ?

ಅಂಜನಾದ್ರಿ ಮೆಟ್ಲು ಬಗ್ಗೆ ಸ್ವಲ್ಪ ವಿವರವಾಗೇ ಹೇಳ್ತೀನಿ ಯಾಕಂದ್ರ ನಮ್ಮ ವಯಸ್ಸಿನೋರು ಅದನ್ನೇ ಕೇಳ್ತಾರ. ಎಲ್ಲಾ ಮೆಟ್ಲೂ ಒಂದೇ ಎತ್ತರ ಇಲ್ಲ, ಕೆಲವು ಸಣ್ಣವು, ಕೆಲವಕ್ಕ ಮೊಣಕಾಲ ಮೇಲೆ ಕೈ ಊರಿ ಏಳ್ಬೇಕು, ಒಂದ್ಕಡೆ ಬಂಡೆಗಲ್ಲಿನ ಕೆಳಗ ತಲಿ ಬಗ್ಗಿಸಿ ದಾಟ್ಬೇಕು. ನಡುವ ಕೂರಾಕ ಜಾಗ ಸಿಗ್ತದ. ಮಂಗ್ಯಾಗಳು ಜಾಸ್ತಿ, ಕೈಯಾಗ ಕವರ್ ಇದ್ರ ಅದ್ರಾಗ ಏನೈತಿ ಅಂತ ನೋಡಲ್ಲ, ಕಿತ್ಕೊಂಡೇ ಹೋಗ್ತಾವ, ನಮ್ಮ ಕಣ್ಣೆದುರಿಗೇ ಒಬ್ರ ಬಿಪಿ ಗುಳಿಗಿ ಪ್ಯಾಕೆಟ್ ಹೋತು. ಗುಳಿಗಿ ಬ್ಲೌಸಿನಾಗೋ ಜೇಬಿನಾಗೋ ಇಟ್ಕೊಳ್ರಿ. ಬಿಸಿಲೇರಿದ ಮೇಲೆ ಕಲ್ಲು ಕಾದು ಬರಿಗಾಲು ಚುರುಗುಟ್ತದ, ಹಂಗಾಗಿ ಏಳರೊಳಗ ಹತ್ತಾಕ ಶುರು ಮಾಡಿದ್ರ ಒಳ್ಳೇದು, ಅದಕ್ಕ ಹಿಂದಿನ ರಾತ್ರಿನೇ ಬಂದು ಗಂಗಾವತಿಯಾಗ ಉಳೀಬೇಕಾಗ್ತದ. ರೋಪ್‌ವೇ ಬರ್ತದ ಅಂತ ಕೇಳ್ತಾನೇ ಅದೀವಿ, ಬಂದಾಗ ಬರ್ಲಿ.

ಅರ್ಧಕ್ಕ ಟೀಚರ್ ಕುಂತುಬಿಟ್ರು. "ನಮ್ಮದೇನ್ ಹನುಮಂತನ ವಯಸ್ಸಾ?" ಅಂದ್ರು. ನಮ್ಮಕ್ಕ ದಿನಾ ಪಾರಾಯಣ ಮಾಡಾಕಿ, ಬಿಡ್ತಾಳಾ? "ಹನುಮಂತ ಬಿಡ್ರಿ, ಜಾಂಬವಂತ ಏನಂದ ಗೊತ್ತಾ?" ಅಂತ ಅಲ್ಲೇ ಮೆಟ್ಲ ಮೇಲೆ ಕುಂತು ಶುರು ಹಚ್ಚಿದ್ಲು. ರಾಮಾಯಣದಾಗ ಸಮುದ್ರದ ದಂಡಿಗೆ ಎಲ್ಲಾ ಕಪಿಗಳೂ ನಾನು ಇಷ್ಟು ಹಾರ್ತೀನಿ, ನಾನು ಅಷ್ಟು ಹಾರ್ತೀನಿ ಅಂತಿರ್ತಾವಲ್ಲ, ದಾಟ್ಬೇಕಾಗಿದ್ದು 100 ಯೋಜನ, ಜಾಂಬವಂತ ಹೇಳ್ತಾನ, ವಯಸ್ಸಿನಾಗ ನನ್ನ ಶಕ್ತಿ ಬ್ಯಾರೇನೇ ಇತ್ತು, ಈಗ ಮುದುಕ ಆಗೀನಿ, ಆದ್ರೂ 90 ಹಾರ್ತೀನಿ ಅಂತ! ಅದಾದ ಮೇಲೆ ಸುಮ್ನ ಒಂದ್ಕಡೆ ಕುಂತಿದ್ದ ಹನುಮಂತನಿಗೆ ನಿನ್ನ ಬಲ ನಿನಗೇ ಗೊತ್ತಿಲ್ಲಲ್ಲೋ ಅಂತ ಎಬ್ಬಿಸಿದ್ದೂ ಆ ಮುದುಕನೇ. ನನಗ ಆ ಲೆಕ್ಕ ಭಾಳ ಹಿಡಿಸ್ತು. ಆಗೋದೇ ಇಲ್ಲ ಅನ್ಲಿಲ್ಲ, ನೂರೂ ಹಾರ್ತೀನಿ ಅಂತ ಬಡಾಯಿನೂ ಕೊಚ್ಲಿಲ್ಲ.

ಟೀಚರ್ ಕಥಿ ಕೇಳಿ ನಕ್ರು, ಆದ್ರ ಏಳ್ಲಿಲ್ಲ, "ನನ್ನ ತೊಂಬತ್ತು ಇಲ್ಲಿಗೇ ಮುಗೀತು" ಅಂತ ಅಲ್ಲೇ ನೆರಳಾಗ ಜಪಮಾಲಿ ತಗದ್ರು. ಅದೂ ಸರಿನೇ. ಅಕ್ಕ ಕೋಲು ಹಿಡ್ಕೊಂಡು ನಾನು ಅಕ್ಕನ್ನ ಹಿಡ್ಕೊಂಡು ಮೇಲಕ್ಕ ಹೋದ್ವಿ, ಗುಡಿ ಸಣ್ಣದು, ದರ್ಶನ ಬೇಗ ಆಗ್ತದ, ಹೊರಗ ಬಂದು ನಿಂತ್ರ ಕೆಳಗ ಭತ್ತದ ಗದ್ದಿ, ಬಾಳಿ ತೋಟ, ನಡುವ ಹೊಳಿ, ಆಚಿ ದಂಡಿಗೆ ಹಂಪಿ ವಿರೂಪಾಕ್ಷನ ಗೋಪುರ. ಡಿಸೆಂಬರ್ ಸುಮಾರಿಗೆ ಹನುಮಮಾಲೆ ವಿಸರ್ಜನೆ ಇರ್ತದ, ಆವಾಗ ಕಾಲಿಡಾಕ ಜಾಗ ಇರಲ್ಲ, ವಯಸ್ಸಾದೋರು ಆ ದಿನಗಳು ಬಿಟ್ಟು ಬರ್ರಿ.

ಪಂಪಾ ಸರೋವರದಾಗ ನಮ್ಮ ಡ್ರೈವರ್ ಸ್ವಲ್ಪ ಅವಸರ ಮಾಡಿದ, ಇದೊಂದು ಮೈನಸ್. ಶಬರಿ ಮುಪ್ಪಾಗೋ ತನಕ ರಾಮ ಬರ್ತಾನಂತ ಕಾದ ಜಾಗ ಅಂತಾರ, ಅಲ್ಲಿ ನಮಗ ಹತ್ತು ನಿಮಿಷ ಕೊಟ್ರ ಹೆಂಗ? ಆಟೋದಾಗ ಹಾಡಿನ ಸೌಂಡೂ ಜಾಸ್ತಿನೇ ಇತ್ತು, ಹೇಳಿದ್ರ ಕಡಿಮಿ ಮಾಡ್ತಾನ, ಮತ್ತ ಮರ್ತು ಜಾಸ್ತಿ ಮಾಡ್ತಾನ. ಆನೆಗೊಂದಿಯಾಗ ರಂಗನಾಥನ ಗುಡಿ, ಗಗನ ಮಹಲ್ ಹೊರಗಿಂದ, ಊರಿನ ಹೆಣ್ಮಕ್ಕಳು ಬಾಳಿ ನಾರಿನಾಗ ಮಾಡೋ ಚೀಲ, ಬುಟ್ಟಿ ನೋಡಿದ್ವಿ. ಊಟ ಅಂತ ಹುಡುಕ್ಲಿಲ್ಲ, ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಾ. ಶೌಚಾಲಯದ ವಿಷಯ ಬರೆಯಂಗಿಲ್ಲ, ಬಸ್ ಸ್ಟ್ಯಾಂಡಿನಾಗೇ ಮುಗಿಸ್ಕೊಂಡು ಹೋಗ್ರಿ ಅಷ್ಟೇ.

ಸಾಣಾಪುರ ಕೆರ್‍ಯಾಗ ಪುಟ್ಟಿ, ಅಂದ್ರ ದುಂಡನೆ ಹರಿಗೋಲು, ಏರಿದ್ದು ಪ್ಲಾನಿನಾಗ ಇರ್ಲಿಲ್ಲ. ಲೈಫ್ ಜಾಕೆಟ್ ಹಾಕ್ಕೊಳ್ಳದೇ ಕೂರ್ಬ್ಯಾಡ್ರಿ, ನಮಗ ಕೊಟ್ಟಿದ್ದು ಇನ್ನೂ ಹಸಿ ಇತ್ತು, ಒಂದ್ರ ಬಕಲ್ ಹೋಗಿತ್ತು, ಕೇಳಿದ್ ಮೇಲೆ ಬದಲಿ ಮಾಡಿ ಕೊಟ್ರು. ಪುಟ್ಟಿ ನಡೆಸೋ ಹುಡುಗ ಕೇಳದೇ ಗಿರಗಿರ ತಿರುಗ್ಸಾಕ ಶುರು ಮಾಡಿದ, ತಲಿ ಸುತ್ತು ಇದ್ದೋರು ಹತ್ತೋ ಮುಂಚೇನೇ ಬ್ಯಾಡ ಅಂತ ಹೇಳ್ರಿ. ಅಕ್ಕ ಕಣ್ಣು ಮುಚ್ಚಿ ಏನೋ ಅಂತಿದ್ಲು, ತಿರುಗೋದು ನಿಂತ ಮೇಲೆ "ಹುಟ್ಟು ಕೊಡೋ ಇಲ್ಲಿ" ಅಂದ್ಲು. ಅವ ಕೊಟ್ಟ. ದೋಣಿಗೆ ಹಾಕ್ದಂಗ ಪಕ್ಕಕ್ಕ ಹುಟ್ಟು ಹಾಕಿದ್ರ ಪುಟ್ಟಿ ನಿಂತಲ್ಲೇ ತಿರುಗ್ತದ ಹೊರತು ಮುಂದಕ್ಕ ಹೋಗಲ್ಲ, ಮುಂದಿನ ನೀರನ್ನ ಆ ಕಡೆ ಈ ಕಡೆ ತಿರುವಿ ತನ್ನ ಕಡೆ ಎಳ್ಕೊಳ್ಬೇಕು, ಹುಡುಗ ಕೈ ಹಿಡಿದು ತೋರ್ಸಿದ. ಆಕಿ ಎಳದ್ಲು, ಬಂಡೆಗಲ್ಲಿನ ಕಡೆ ಹೋತು, ಮತ್ತ ಎಳದ್ಲು, ದಂಡಿ ಕಡೆ ಬಂತು. ಟೀಚರ್ ಅಂತೂ ದೇವರನ್ನೆಲ್ಲಾ ಒಟ್ಟಿಗೆ ಕರೀತಿದ್ರು.

ಕಳ್ಕೊಂಡ ಒಂದು ಸ್ಟಾರ್ ಅವಸರಕ್ಕ, ಸೌಂಡಿಗೆ. ರೇಟು ಹತ್ತೋ ಮುಂಚೆನೇ ಮಾತಾಡ್ಕೊಳ್ರಿ, ಯಾವ್ಯಾವ ಜಾಗ ಅಂತ ಹೆಸರು ಹೇಳಿ ಮಾತಾಡ್ರಿ, "ಎಲ್ಲಾ ತೋರಿಸ್ತೀನಿ" ಅನ್ನೋ ಮಾತು ನಂಬ್ಬ್ಯಾಡ್ರಿ. ನವಬೃಂದಾವನ ಒಂದು ಬಾಕಿ ಉಳೀತು. ವ್ಯಾಸರಾಜರು, ಪದ್ಮನಾಭ ತೀರ್ಥರು ಸೇರಿ ಒಂಬತ್ತು ಯತಿಗಳ ಬೃಂದಾವನ ಹೊಳಿ ನಡುವಿನ ಗಡ್ಡಿಯಾಗ ಐತಿ, ಆವತ್ತು ನೀರು ಜಾಸ್ತಿ ಅಂತ ಬೋಟ್ ಬಿಡ್ಲಿಲ್ಲ. ನೀರಿಳಿದ ಮೇಲೆ ಡ್ರೈವರ್ ಫೋನ್ ಮಾಡ್ತೀನಂದಾನ, ಅಕ್ಕ ಆಗ್ಲೇ ಎರಡು ಸಲ ಅವನಿಗೆ ತಾನೇ ಫೋನ್ ಹಚ್ಚಿ ಕೇಳ್ಯಾಳ. ಹೋಗಿ ಬಂದ ಮೇಲೆ ಬೋಟಿಂದೂ ಬರೀತೀನಿ.