ಕಾಲಿನ ರಕ್ತನಾಳದ ಕಾಯಿಲೆಗೆ ಕೆಂಪು ಬೆಳಕು: ಚಿಕ್ಕಮಗಳೂರಿನ ಒಂದು ಫಿಸಿಯೋಥೆರಪಿ ಕೇಂದ್ರದ ವಿಮರ್ಶೆ

ಕಾಲಿನ ಅಪಧಮನಿಗಳು ಕಿರಿದಾಗಿ ನಡೆಯಲು ಕಷ್ಟಪಡುವವರಿಗೆ ಚಿಕ್ಕಮಗಳೂರು ನಗರದ ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ ಕೆಂಪು ಬೆಳಕಿನ ಚಿಕಿತ್ಸೆ ಕೊಡುತ್ತಾರೆ. ನಮ್ಮ ತಂದೆಯವರು ಈ ಸಲದ ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ಹೋಗಿ ಬರುತ್ತಿದ್ದರು. ಜೊತೆಯಲ್ಲಿದ್ದು ನಾನು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಯಂತ್ರಗಳು ಈಗ ಅನೇಕ ಕಡೆ ಬಂದಿರುವುದರಿಂದ ಕೇಂದ್ರದ ಹೆಸರಿಗಿಂತ ಚಿಕಿತ್ಸೆಯ ಗುಣವೇ ಮುಖ್ಯವೆಂದು ಭಾವಿಸಿ ಹೆಸರನ್ನು ಬಿಟ್ಟಿದ್ದೇನೆ.

ಮೊದಲು ಕಾಯಿಲೆಯ ವಿಷಯ. ತೋಟದ ಏರು ಹತ್ತುವಾಗ ಮೀನಖಂಡ ಹಿಡಿದುಕೊಳ್ಳುವುದು, ನಿಂತು ಕೆಲವು ನಿಮಿಷ ಸುಧಾರಿಸಿಕೊಂಡರೆ ನೋವು ಹೋಗುವುದು, ಮತ್ತೆ ಅಷ್ಟೇ ದೂರ ನಡೆದಾಗ ಮರುಕಳಿಸುವುದು ಇದರ ಸ್ಪಷ್ಟ ಲಕ್ಷಣ. ನಮ್ಮ ಮಲೆನಾಡಿನಲ್ಲಿ ಇದನ್ನು ವಾತವೆಂದೋ ವಯಸ್ಸಾಯಿತೆಂದೋ ತಳ್ಳಿಹಾಕಿ, ನೋವಿನ ಎಣ್ಣೆ ಹಚ್ಚಿಕೊಂಡು ವರ್ಷಗಳನ್ನು ಕಳೆಯುವವರು ಬಹಳ ಮಂದಿ. ಬೀಡಿ, ಸಿಗರೇಟು ಮತ್ತು ಸಕ್ಕರೆ ಕಾಯಿಲೆ ಇದರ ದೊಡ್ಡ ಕಾರಣಗಳು. ಪತ್ತೆಯ ವಿಧಾನವಾದರೋ ಬಹಳ ಸರಳ: ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದಾಗ 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಸಾಲದೆಂದು ಅರ್ಥ. ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ನಾಳದ ಗೋಡೆಗೆ ಸುಣ್ಣದ ಅಂಶ ಸೇರಿ ಗಟ್ಟಿಯಾಗುವುದರಿಂದ ಈ ಅಂಕಿ ಸುಳ್ಳಾಗಿ ಹೆಚ್ಚು ತೋರಿಸಬಹುದು; ಅಂಥವರಿಗೆ ಕಾಲಿನ ಹೆಬ್ಬೆರಳಿನ ಒತ್ತಡವನ್ನು ಅಳೆಯಬೇಕಾಗುತ್ತದೆ. ತಂದೆಯವರಿಗೆ ಹಾಸನದಲ್ಲಿ ನಾಳದೊಳಗಿನ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ ಕಾಯಿಲೆ ಖಚಿತವಾದ ನಂತರವೇ ನಾವು ಈ ಕೇಂದ್ರಕ್ಕೆ ಹೋದದ್ದು.

ಚಿಕಿತ್ಸೆಯ ಕೊಠಡಿ ಚೊಕ್ಕಟವಾಗಿದೆ. ಸಣ್ಣ ಸಣ್ಣ ಎಲ್‌ಇಡಿ ದೀಪಗಳನ್ನು ಹೊಲಿದಂತಿರುವ ಪಟ್ಟಿಯನ್ನು ಮೀನಖಂಡಕ್ಕೆ ಸುತ್ತಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿ, ಸುಮಾರು ಅರ್ಧ ಗಂಟೆ ಮಲಗಿಸುತ್ತಾರೆ. ನೋವಿಲ್ಲ, ಸುಡುವುದಿಲ್ಲ, ಹಿತವಾದ ಬಿಸಿ ಮಾತ್ರ. ಪಟ್ಟಿ ಸುತ್ತುವ ಮೊದಲು ಪ್ರತಿ ಸಲವೂ ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸಿದ್ದು, ಬಿಸಿಲಿಗೆ ಚರ್ಮ ಕೆಂಪಾಗುವಂತೆ ಮಾಡುವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದ್ದು ನನಗೆ ಬಹಳ ಸಮಾಧಾನ ಕೊಟ್ಟಿತು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ಹೆಚ್ಚಾದರೂ ತಿಳಿಯುವುದಿಲ್ಲವಾದ್ದರಿಂದ ಈ ಎಚ್ಚರ ತೀರಾ ಅಗತ್ಯ. ಪ್ರತಿ ಸಲಕ್ಕೆ 350 ರೂಪಾಯಿ ತೆಗೆದುಕೊಳ್ಳುತ್ತಾರೆ.

ಬೆಳಕು ರಕ್ತನಾಳಕ್ಕೆ ಏನು ಮಾಡಬಲ್ಲದು ಎಂಬ ಪ್ರಶ್ನೆಗೆ ಹುರುಳಿದೆ. ಅಮೆರಿಕದ ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನ ಸಂಶೋಧಕರು 670 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕನ್ನು ಇಲಿಗಳ ಮೇಲೆ ಪ್ರಯೋಗಿಸಿ, ಅದು ನೈಟ್ರಿಕ್ ಆಕ್ಸೈಡ್‌ನ ಮೂಲಕ ರಕ್ತನಾಳವನ್ನು ಹಿಗ್ಗಿಸುತ್ತದೆಂದು ತೋರಿಸಿದ್ದಾರೆ. ನಮ್ಮ ದೇಹವೇ ತಯಾರಿಸುವ ಈ ಅನಿಲ ನಾಳಗಳಿಗೆ ಹಿಗ್ಗುವ ಸಂಕೇತ ಕೊಡುತ್ತದೆ ಎಂಬ ಶೋಧಕ್ಕೆ 1998ರಲ್ಲಿ ನೊಬೆಲ್ ಬಂದಿತ್ತು. ಆದ್ದರಿಂದ ನಡೆಯುವ ಶಕ್ತಿಯನ್ನು ಬೆಳಕು ಹೆಚ್ಚಿಸಬಹುದೇ ಎಂದು ವೈದ್ಯರು ಕೇಳುತ್ತಿರುವುದು ಸಹಜ. ಆದರೆ ನಾಳ ಸ್ವಲ್ಪ ಹೊತ್ತು ಹಿಗ್ಗುವುದು ಒಂದು ಮಾತು, ಒಳಗೆ ಗಟ್ಟಿಯಾಗಿ ಕೂತಿರುವ ಕೊಬ್ಬಿನ ತಡೆ ಕರಗುವುದು ಬೇರೆಯೇ ಮಾತು. ಕೆಂಪು ಬೆಳಕು ಆ ತಡೆಯನ್ನು ಕರಗಿಸುವುದಿಲ್ಲ.

ಕೇಂದ್ರದ ಬಗ್ಗೆ ನನಗಿರುವ ಗಂಭೀರ ಆಕ್ಷೇಪ ಇಲ್ಲಿಯೇ ಇದೆ. ಬಾಗಿಲ ಬಳಿ ತೂಗುಹಾಕಿರುವ ಫಲಕದಲ್ಲಿ ಬ್ಲಾಕ್ ಕರಗುತ್ತದೆ, ಬೈಪಾಸ್ ಬೇಕಿಲ್ಲ ಎಂಬ ಅರ್ಥದ ಮಾತುಗಳಿವೆ. ಒಳಗೆ ಚಿಕಿತ್ಸೆ ಕೊಡುವವರು ಅಂಥ ಭರವಸೆಯನ್ನು ಒಮ್ಮೆಯೂ ಕೊಡಲಿಲ್ಲ ಎಂಬುದು ನಿಜ. ಆದರೂ ಆ ಫಲಕವನ್ನು ಓದಿ ವೈದ್ಯರು ಬರೆದುಕೊಟ್ಟ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಯಾರಾದರೂ ನಿಲ್ಲಿಸಿಬಿಟ್ಟರೆ ಅಪಾಯ ಕಾಲಿಗಷ್ಟೇ ಅಲ್ಲ. ಕಾಲಿನ ನಾಳ ಕಟ್ಟಿಕೊಂಡವರಿಗೆ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಸಂಭವವೂ ಹೆಚ್ಚಿರುತ್ತದೆ. ಫಲಕವನ್ನು ತೆಗೆಯಬೇಕೆಂದು ಅವರಿಗೆ ಹೇಳಿದ್ದೇನೆ.

ಈ ಕೇಂದ್ರದಲ್ಲಿ ನಿಜವಾಗಿ ಬೆಲೆಬಾಳುವುದು ಬೆಳಕಿನ ನಂತರ ಮಾಡಿಸುವ ನಡಿಗೆ. ಫಿಸಿಯೋಥೆರಪಿಸ್ಟ್ ಪಕ್ಕದಲ್ಲೇ ನಿಂತು, ಟ್ರೆಡ್‌ಮಿಲ್ ಮೇಲೆ ಮೀನಖಂಡದ ನೋವು ಸಾಕಷ್ಟು ಜೋರಾಗುವವರೆಗೆ ನಡೆಸಿ, ಕುಳ್ಳಿರಿಸಿ, ನೋವು ಪೂರ್ತಿ ಇಳಿದ ಮೇಲೆ ಮತ್ತೆ ನಡೆಸುತ್ತಾರೆ. ನೋವು ಬಂದರೆ ಕಾಲಿಗೆ ಪೆಟ್ಟಾಗುತ್ತದೆಂದು ಹೆದರಿ ಮನೆಯಂಗಳ ದಾಟುವುದನ್ನೇ ಬಿಟ್ಟಿದ್ದ ತಂದೆಯವರಿಗೆ, ಆ ನೋವಿನ ಅಂಚಿನವರೆಗೆ ನಡೆಯುವುದೇ ಮದ್ದು ಎಂದು ಮನವರಿಕೆ ಮಾಡಿಸಿದವರು ಇವರೇ. ವಾರಕ್ಕೆ ಕನಿಷ್ಠ ಮೂರು ದಿನ, ಒಮ್ಮೆಗೆ 30ರಿಂದ 45 ನಿಮಿಷ, 12 ವಾರ ಕಾಲ ನಡೆಯುವ ಈ ಕ್ರಮಕ್ಕೆ ದಶಕಗಳ ಆಧಾರವಿದೆ. ಅಮೆರಿಕದ ಸರ್ಕಾರಿ ವಿಮೆ 2017ರಿಂದ ಇದರ ಖರ್ಚನ್ನು ಕೊಡುತ್ತಿದೆ. ಕಿರಿದಾದ ನಾಳ ಇದರಿಂದ ಅಗಲವಾಗದಿದ್ದರೂ, ಸಿಕ್ಕಷ್ಟು ರಕ್ತದಲ್ಲಿ ಹೆಚ್ಚು ಕೆಲಸ ಮಾಡುವುದನ್ನು ಸ್ನಾಯು ರೂಢಿಸಿಕೊಳ್ಳುತ್ತದೆ. ಉಳಿದ ದಿನಗಳಲ್ಲಿ ಸಮತಟ್ಟಾದ ಜಾಗದಲ್ಲಿ ಅಭ್ಯಾಸ ಮಾಡಿ ಎಂದು ಹೇಳಿ ಕಳುಹಿಸುತ್ತಿದ್ದರು. ಏರಿಳಿತವೇ ತುಂಬಿರುವ ನಮ್ಮ ಊರಿನಲ್ಲಿ ಅದು ಸುಲಭವಲ್ಲದ್ದರಿಂದ ಪೇಟೆಗೆ ಬಂದ ದಿನ ಜಿಲ್ಲಾ ಆಟದ ಮೈದಾನದ ಸುತ್ತ ನಡೆಯುತ್ತಿದ್ದರು.

ತಂದೆಯವರು ಈಗ ಮೊದಲಿಗಿಂತ ಹೆಚ್ಚು ದೂರ ನಡೆಯುತ್ತಾರೆ, ಕಾಫಿ ಕಣದವರೆಗೆ ಒಬ್ಬರೇ ಹೋಗಿ ಬರುತ್ತಾರೆ. ಇದರಲ್ಲಿ ಬೆಳಕಿನ ಪಾಲನ್ನು ಬೇರ್ಪಡಿಸಿ ಹೇಳಲು ಬರುವುದಿಲ್ಲ, ಏಕೆಂದರೆ ಅದೇ ಅವಧಿಯಲ್ಲಿ ಅವರು ಸಿಗರೇಟನ್ನು ಪೂರ್ತಿಯಾಗಿ ಬಿಟ್ಟರು, ಮಾತ್ರೆ ತಪ್ಪಿಸಲಿಲ್ಲ, ನಡಿಗೆಯನ್ನೂ ಬಿಡಲಿಲ್ಲ. ನನ್ನ ತೀರ್ಮಾನದಲ್ಲಿ ಫಲದ ಬಹುಪಾಲು ಈ ಮೂರಕ್ಕೆ ಸಲ್ಲಬೇಕು.

ಕಾಯಿಲೆ ಪರೀಕ್ಷೆಯಿಂದ ಖಚಿತವಾಗಿದ್ದು, ಔಷಧಿ ನಡೆಯುತ್ತಿದ್ದು, ಕೈಯಲ್ಲಿ ಹಣವಿದ್ದರೆ ಈ ಕೇಂದ್ರಕ್ಕೆ ಹೋಗಬಹುದು. ರಾತ್ರಿ ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಬೆರಳು ಕಪ್ಪಾಗಿದ್ದರೆ ಅಥವಾ ಗಾಯ ಮಾಯದಿದ್ದರೆ ಇಲ್ಲಿಗೆ ಹೋಗದೆ ತಡಮಾಡದೆ ರಕ್ತನಾಳದ ಶಸ್ತ್ರಚಿಕಿತ್ಸಕರನ್ನು ಕಾಣಬೇಕು. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ಬೆಳಕನ್ನು ಬಿಟ್ಟು ನಡಿಗೆಯ ತರಬೇತಿಯನ್ನಷ್ಟೇ ಕಡಿಮೆ ದರದಲ್ಲಿ ಕೊಡಿ ಎಂದು ನಾನು ಕೇಳಿದಾಗ, ಅಂಥ ವ್ಯವಸ್ಥೆ ಸದ್ಯಕ್ಕಿಲ್ಲ ಎಂದರು. ಅದನ್ನು ಆರಂಭಿಸಿದರೆ ತೋಟದ ಕೂಲಿಯವರೂ ಬಂದು ಪ್ರಯೋಜನ ಪಡೆಯಬಹುದು.